ಶಾಸಕರಿಗೆ ಹಾರ ಸಾಕು, ಪ್ರಶ್ನೆ ಕೊಡಿ



ವಿಧಾನಸಭೆಯ ಉತ್ತರದ ಕಾಗದ ಹೇಗಿರುತ್ತದೆ ಅಂತ ನಮ್ಮಲ್ಲಿ ಬಹಳ ಜನ ನೋಡಿಲ್ಲ. ಹಾಳೆಯನ್ನು ಉದ್ದಕ್ಕೆ ಎರಡು ಭಾಗ ಮಾಡಿರುತ್ತಾರೆ. ಎಡಗಡೆ ಶಾಸಕರ ಪ್ರಶ್ನೆ, ಅ, ಆ, ಇ, ಈ ಅಂತ ಸಾಲಾಗಿ. ಬಲಗಡೆ ಮಂತ್ರಿಗಳ ಉತ್ತರ. ಎಡಗಡೆ "ಇಂಥಾ ತಾಲ್ಲೂಕಿನಲ್ಲಿ ರೈತರಿಗೆ ಇಂಥಾ ತೊಂದರೆಯಾಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?" ಅಂತಿದ್ದರೆ ಬಲಗಡೆ "ಬಂದಿದೆ" ಅಂತ ಒಂದೇ ಮಾತು. "ಬಂದಿದ್ದಲ್ಲಿ, ಸರ್ಕಾರ ಕೈಗೊಂಡ ಕ್ರಮಗಳೇನು?" ಅಂದರೆ "ಅನುದಾನದ ಲಭ್ಯತೆಯನ್ನು ಆಧರಿಸಿ ಪರಿಶೀಲಿಸಲಾಗುವುದು". ಕೆಳಗೆ ಕಡತದ ನಂಬರು, ಮಂತ್ರಿಗಳ ಸಹಿ. ಮುಗೀತು.

ಇದನ್ನು ನೋಡಿ ನಗುವವರಿದ್ದಾರೆ. ಇದರಲ್ಲೇನು ಉಪಯೋಗ, ಎಲ್ಲಾ ಕಾಗದದ ಆಟ ಅನ್ನುವವರೂ ಇದ್ದಾರೆ. ನಾನು ಹೇಳೋದು ಬೇರೆ. ಆ ಹಾಳೆಯ ಬಲಗಡೆ "ಬಂದಿದೆ" ಅಂತ ಬರೆದು ಮಂತ್ರಿ ಸಹಿ ಹಾಕಿದ ಮೇಲೆ, ನಮಗೆ ಗೊತ್ತೇ ಇರಲಿಲ್ಲ ಅಂತ ಆ ಸರ್ಕಾರ ಮುಂದೆ ಎಂದೂ ಹೇಳುವಂತಿಲ್ಲ. ನಮ್ಮ ಮನವಿ ಪತ್ರಗಳಿಗೆ ಈ ಬಲ ಇಲ್ಲ. ತಹಸೀಲ್ದಾರರಿಗೆ ಕೊಟ್ಟ ಮನವಿಗೆ ಸೀಲು ಬೀಳುತ್ತದೆ, ಫೋಟೋ ತೆಗೀತಾರೆ, ಮಾರನೇ ದಿನ ಪೇಪರಿನಲ್ಲಿ ಬರುತ್ತದೆ. ಯಾರೂ ಉತ್ತರ ಕೊಡಬೇಕಾಗಿಲ್ಲ. ಸದನದ ಪ್ರಶ್ನೆಗೆ ಮಾತ್ರ ಉತ್ತರ ಕೊಡಲೇಬೇಕು.

ಈಗ ನಮ್ಮನ್ನೇ ಕೇಳಿಕೊಳ್ಳೋಣ. ಶಾಸಕರು ಹೋಬಳಿಗೆ ಬಂದಾಗ ನಾವು ಏನು ಕೇಳ್ತೀವಿ? ಹೆಬ್ಬೂರು ಹೋಬಳಿ ಆಗಲಿ, ಗುಬ್ಬಿ ಆಗಲಿ, ಕುಣಿಗಲ್ ಆಗಲಿ, ಎಲ್ಲಾ ಕಡೆ ಒಂದೇ ಪಟ್ಟಿ. ಬಸ್ ತಂಗುದಾಣ, ದೇವಸ್ಥಾನದ ಜೀರ್ಣೋದ್ಧಾರಕ್ಕೆ ಚೆಕ್ಕು, ಮಗನ ವರ್ಗಾವಣೆ, ಟಿ.ಸಿ. ಸುಟ್ಟಿದೆ ಬೆಸ್ಕಾಂಗೆ ಒಂದು ಫೋನು ಮಾಡಿ ಸ್ವಾಮಿ, ಮಗಳ ಮದುವೆಗೆ ಬಂದು ಅಕ್ಷತೆ ಹಾಕಿ. ಅವರೂ ಪಾಪ ದಿನಕ್ಕೆ ಎಂಟು ಮದುವೆ, ಮೂರು ತಿಥಿ ಅಂತ ತಿರುಗಿ ಸುಸ್ತಾಗ್ತಾರೆ. ಇವು ಬೇಡವೆಂದು ನಾನು ಹೇಳೋಲ್ಲ. ಸುಟ್ಟ ಟಿ.ಸಿ. ಬದಲಾಗದಿದ್ದರೆ ತೋಟ ಒಣಗುತ್ತದೆ. ಆದರೆ ಟಿ.ಸಿ. ಬದಲಾಯಿಸೋದಕ್ಕೆ ಇಂಜಿನಿಯರ್ ಇದ್ದಾನೆ. ಮಂತ್ರಿಯನ್ನು ನಿಲ್ಲಿಸಿ ಲೆಕ್ಕ ಕೇಳೋದಕ್ಕೆ ನಮ್ಮ ಕಡೆಯಿಂದ ಇರೋದು ಶಾಸಕ ಒಬ್ಬನೇ. ಆ ಒಂದು ಕೆಲಸವನ್ನು ಬಿಟ್ಟು ಉಳಿದಿದ್ದೆಲ್ಲಾ ಅವನ ಕೈಲಿ ಮಾಡಿಸ್ತಾ ಇದ್ದೀವಿ.

ನಮ್ಮ ಸೀಮೆಗೆ ಇದು ಹೊಸ ವಿಷಯವೂ ಅಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಮೈಸೂರು ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದಾಗ, ತಾಲ್ಲೂಕುಗಳಿಂದ ಜಮೀನು ಇದ್ದ ರೈತರನ್ನೂ ವರ್ತಕರನ್ನೂ ದಸರಾ ಹೊತ್ತಿಗೆ ಮೈಸೂರಿಗೆ ಕರೆಸಿದರು. ಮೊದಲ ಸಭೆಗೆ 144 ಜನ. ಓಟಿಲ್ಲ, ಅಧಿಕಾರವಿಲ್ಲ. ದಿವಾನರು ಲೆಕ್ಕ ಒಪ್ಪಿಸೋದನ್ನು ಕೇಳೋದು, ತಮ್ಮ ಊರಿನ ಕುಂದುಕೊರತೆ ಹೇಳೋದು, ಅಷ್ಟೇ. ಆದರೂ ಕಂದಾಯದ ವಿಷಯ, ಕೆರೆ ವಿಷಯ ಹೊತ್ತುಕೊಂಡು ನಮ್ಮ ಹಿಂದಿನವರು ಹೋದರು. ಇವತ್ತು ನಮಗೆ ಓಟಿದೆ, 224 ಜನರ ವಿಧಾನಸಭೆ ಇದೆ, 75 ಜನರ ಪರಿಷತ್ತಿದೆ. ನಾವು ಕೇಳ್ತಾ ಇರೋದು ಬಸ್ ತಂಗುದಾಣ.

ಪ್ರಶ್ನೆಯಲ್ಲಿ ಎರಡು ಜಾತಿ. ಒಂದು ಚುಕ್ಕೆ ಗುರುತಿನದು. ಅದಕ್ಕೆ ಮಂತ್ರಿ ಸದನದಲ್ಲಿ ಎದ್ದು ನಿಂತು ಉತ್ತರ ಹೇಳಬೇಕು, ಶಾಸಕ ಅದರ ಮೇಲೆ ಉಪಪ್ರಶ್ನೆ ಹಾಕಬಹುದು. ಇನ್ನೊಂದು ಚುಕ್ಕೆ ಗುರುತಿಲ್ಲದ್ದು. ಅದಕ್ಕೆ ಉತ್ತರ ಬರಹದಲ್ಲಿ ಬರುತ್ತದೆ, ಉಪಪ್ರಶ್ನೆ ಇಲ್ಲ. ಟೀವಿಯಲ್ಲಿ ಕಾಣೋದು ಮೊದಲನೆಯದು, ಕೂಗಾಟ ಇರೋದೂ ಅದರಲ್ಲೇ. ನಮಗೆ ಹೆಚ್ಚು ಬೇಕಾದ್ದು ಎರಡನೆಯದು ಅಂತ ನನ್ನ ಅಭಿಪ್ರಾಯ. ಯಾಕೆಂದರೆ ಸದನದ ಬಾವಿಗಿಳಿದು ಗಲಾಟೆ ಆಗಿ ಇಡೀ ದಿನದ ಕಲಾಪ ಹಾಳಾದರೂ ಬರಹದ ಉತ್ತರ ಮಂಡನೆ ಆಗಿಯೇ ಇರುತ್ತದೆ. ಅಂಕಿ ಅಂಶ ಇರೋದೂ ಅದರಲ್ಲಿ. ದೆಹಲಿಯ ಲೋಕಸಭೆಯಲ್ಲಿ ದಿನಕ್ಕೆ ಬಾಯಲ್ಲಿ ಉತ್ತರಿಸಬೇಕಾದ ಪ್ರಶ್ನೆ 20, ಬರಹದ ಪ್ರಶ್ನೆ 230. ಮಾಹಿತಿಯ ರಾಶಿ ಎಲ್ಲಿದೆ ಅನ್ನೋದು ಇದರಲ್ಲೇ ತಿಳೀತದೆ.

ಆ ಪ್ರಶ್ನೆ ಹೋಗುವ ದಾರಿ ನೋಡಿ, ಅದು ತಮಾಷೆಯಾಗಿದೆ. ಶಾಸಕರು ಬರೆದುಕೊಟ್ಟ ಪ್ರಶ್ನೆ ವಿಧಾನಸಭೆ ಸಚಿವಾಲಯದಿಂದ ಇಲಾಖೆ ಕಾರ್ಯದರ್ಶಿಗೆ, ಅಲ್ಲಿಂದ ಬೆಂಗಳೂರಿನ ಆಯುಕ್ತರ ಕಚೇರಿಗೆ, ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ, ತಾಲ್ಲೂಕಿಂದ ನಾಡಕಚೇರಿಗೆ ಇಳಿಯುತ್ತದೆ. ಕಚೇರಿ ಭಾಷೆಯಲ್ಲಿ ಅದಕ್ಕೆ 'ಎಲ್.ಎ.ಕ್ಯೂ.' ಅಂತಾರೆ. ನಿಮ್ಮ ಪಹಣಿ ತಿದ್ದುಪಡಿ ಕಡತ ಆರು ತಿಂಗಳಿಂದ ಯಾವ ಮೇಜಿನ ಮೇಲೆ ಮಲಗಿದೆಯೋ ಅದೇ ಮೇಜಿಗೆ ಒಂದು ಎಲ್.ಎ.ಕ್ಯೂ. ಬಂದರೆ, ಭಾನುವಾರವಾದರೂ ಸರಿಯೆ, ಗುಮಾಸ್ತರು ಬಂದು ಕೂತು ಸಂಜೆಯೊಳಗೆ ಪಟ್ಟಿ ಮಾಡಿ ಕಳಿಸ್ತಾರೆ. ಮಂತ್ರಿ ಸದನದಲ್ಲಿ ಓದುವ ಅಂಕಿ ಹುಟ್ಟೋದು ನಮ್ಮ ಹೋಬಳಿಯಲ್ಲೇ. ಆ ಅಂಕಿ ಸರಿಯೋ ತಪ್ಪೋ ಹೇಳಬಲ್ಲವರೂ ನಾವೇ. ಬೆಂಗಳೂರಿನ ಯಾವ ಪತ್ರಕರ್ತನಿಗೂ ಈ ಅನುಕೂಲ ಇಲ್ಲ.

ಈಗ ಕೊಬ್ಬರಿ ವಿಷಯಕ್ಕೆ ಬರೋಣ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ. ಆ ವರ್ಷ ತಿಪಟೂರು ಮಾರುಕಟ್ಟೆಯಲ್ಲಿ ಧಾರಣೆ ಎಂಟು ಸಾವಿರದ ಆಸುಪಾಸಿಗೆ ಇಳಿದಿದ್ದು ಯಾರಿಗೆ ಮರೆತಿದೆ? 2024ಕ್ಕೆ ಬೆಂಬಲ ಬೆಲೆ 12,000 ಮಾಡಿದರು, ರಾಜ್ಯ ಸರ್ಕಾರ ಮೇಲೆ 1,500 ಪ್ರೋತ್ಸಾಹಧನ ಕೊಡ್ತೀವಿ ಅಂದಿತು. ಅಂದರೆ 13,500. ಕೇಳೋದಕ್ಕೆ ಚೆನ್ನ. ಆದರೆ ಖರೀದಿಗೆ ಎಕರೆಗಿಷ್ಟು, ರೈತನಿಗಿಷ್ಟು ಅಂತ ಮಿತಿ. ಒಟ್ಟು ಖರೀದಿಗೂ ಮಿತಿ. ನೋಂದಣಿ ಕೇಂದ್ರದ ಮುಂದೆ ಕ್ಯೂ. ಕೊನೆಗೆ ನಕಲಿ ನೋಂದಣಿ ಆಗಿದೆ ಅಂತ ದೂರುಗಳು ಬಂದು, ಮೊದಲು ಮಾಡಿದ ನೋಂದಣಿಯನ್ನೇ ರದ್ದು ಮಾಡಿ ಮತ್ತೆ ಹೊಸದಾಗಿ ಬನ್ನಿ ಅಂದರು. ಆಮೇಲೆ 2025ರಲ್ಲಿ ಧಾರಣೆ ಬೆಂಬಲ ಬೆಲೆಯ ಎರಡರಷ್ಟನ್ನೂ ದಾಟಿತು, ಎಲ್ಲರೂ ಖುಷಿಯಾದರು, ಹಿಂದಿನದು ಮರೆತು ಹೋಯಿತು. ಅಷ್ಟೊತ್ತಿಗೆ ಸಾಲಕ್ಕೆ ಅಂಜಿ ಎಂಟು ಸಾವಿರಕ್ಕೇ ಮಾರಿದವನ ಮನೆಯಲ್ಲಿ ಕೊಬ್ಬರಿ ಇರಲಿಲ್ಲ.

ಆ ಹೊತ್ತಿನಲ್ಲಿ ನಾವು ರಸ್ತೆ ತಡೆದೆವು, ಧರಣಿ ಕೂತೆವು. ಮಾಡಬೇಕಾದ್ದೇ. ಆದರೆ ಧರಣಿಯಲ್ಲಿ ಕೂಗಿದ್ದು "ಬೆಲೆ ಕೊಡಿ" ಅಂತ. ಅದಕ್ಕೆ ಮಂತ್ರಿ "ಕೊಟ್ಟಿದ್ದೀವಲ್ಲ" ಅಂದರೆ ಮಾತು ನಿಂತು ಹೋಗುತ್ತದೆ. ಸದನದಲ್ಲಿ ಕೇಳಬೇಕಾದ್ದು ಹೀಗೆ: ತುಮಕೂರು ಜಿಲ್ಲೆಯ ಪ್ರತಿಯೊಂದು ಖರೀದಿ ಕೇಂದ್ರದಲ್ಲಿ ನೋಂದಾಯಿಸಿದ ರೈತರೆಷ್ಟು, ಕೊಂಡ ಕ್ವಿಂಟಾಲ್ ಎಷ್ಟು, ಗುಣಮಟ್ಟ ಇಲ್ಲ ಅಂತ ವಾಪಸ್ ಕಳಿಸಿದ್ದೆಷ್ಟು, ಹಣ ರೈತನ ಖಾತೆಗೆ ಬಿದ್ದ ತಾರೀಖು ಯಾವುದು, ರದ್ದಾದ ನೋಂದಣಿಗಳಲ್ಲಿ ನಕಲಿ ಎಷ್ಟು, ಅದರ ಸಂಬಂಧ ಯಾರ ಮೇಲೆ ಏನು ಕ್ರಮ ಆಯಿತು. ಈ ಕೊನೆಯದಕ್ಕೆ "ಪರಿಶೀಲನೆಯಲ್ಲಿದೆ" ಅಂತ ಉತ್ತರ ಬಂದರೂ ನಮಗೆ ಲಾಭವೇ. ನಕಲಿ ಆಗಿದ್ದು ನಿಜ ಅಂತ ಸರ್ಕಾರ ಒಪ್ಪಿದ ಹಾಗಾಯಿತು.

ಉತ್ತರ ಕೊಡದೆ ಉತ್ತರ ಕೊಡುವ ವಿದ್ಯೆಯನ್ನೂ ನಾವು ತಿಳಿದಿರಬೇಕು. ದನ ಮಾರುವವನು ಹಲ್ಲು ತೋರಿಸುವಾಗ ಬಾಯಿ ಅರ್ಧ ತೆರೆಸ್ತಾನಲ್ಲ, ಹಾಗೆ. "ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ" ಅಂದರೆ ಅಧಿವೇಶನ ಮುಗಿಯಲಿ, ಆಮೇಲೆ ನೋಡೋಣ ಅಂತ. ಆದರೆ ಹೀಗೆ ಕೊಟ್ಟ ಮಾತನ್ನು ಹಿಂಬಾಲಿಸೋದಕ್ಕೆಂದೇ ಸದನದಲ್ಲಿ ಸರ್ಕಾರಿ ಭರವಸೆಗಳ ಸಮಿತಿ ಇದೆ, ಅಲ್ಲಿಗೆ ಒಯ್ಯಬೇಕು. "ಅನುಬಂಧದಲ್ಲಿ ಒದಗಿಸಿದೆ" ಅಂದು ಇನ್ನೂರು ಪುಟ ತಳ್ಳಿದರೆ ಅದರಲ್ಲಿ ನಮ್ಮ ತಾಲ್ಲೂಕಿನ ಪುಟ ಹುಡುಕಬೇಕು, ಅದು ನಮ್ಮ ಹುಡುಗರು ಒಂದು ಸಂಜೆ ಕೂತರೆ ಆಗುವ ಕೆಲಸ. ಎಲ್ಲಕ್ಕಿಂತ ಜಾಣತನದ್ದು "ಉದ್ಭವಿಸುವುದಿಲ್ಲ" ಅನ್ನೋದು. ಮೊದಲ ಪ್ರಶ್ನೆಗೆ "ಇಲ್ಲ" ಅಂದುಬಿಟ್ಟರೆ ಉಳಿದ ನಾಲ್ಕಕ್ಕೂ "ಉದ್ಭವಿಸುವುದಿಲ್ಲ". ಹಾಗಾಗಿ ಪ್ರಶ್ನೆ ಬರೆಯುವಾಗಲೇ "ಗಮನಕ್ಕೆ ಬಂದಿದೆಯೇ" ಅಂತ ಶುರು ಮಾಡಬಾರದು. "ಎಷ್ಟು", "ಯಾವ ತಾರೀಖು", "ಯಾರಿಗೆ" ಅಂತ ಶುರು ಮಾಡಬೇಕು. ಎಷ್ಟು ಅನ್ನೋದಕ್ಕೆ ಇಲ್ಲ ಅನ್ನೋಕೆ ಬರೋಲ್ಲ.

"ಉದ್ಭವಿಸುವುದಿಲ್ಲ" ಅನ್ನುವ ಮಾತು ಎಷ್ಟು ದೂರ ಹೋಗಬಲ್ಲದು ಅನ್ನೋದಕ್ಕೆ ದೇಶವೇ ನೋಡಿದ ಉದಾಹರಣೆ ಇದೆ. ದೆಹಲಿ ಗಡಿಯಲ್ಲಿ ಒಂದು ವರ್ಷ ಕೂತ ರೈತರಲ್ಲಿ ಸುಮಾರು ಏಳುನೂರು ಜನ ಸತ್ತರು ಅಂತ ರೈತ ಸಂಘಟನೆಗಳು ಲೆಕ್ಕ ಇಟ್ಟಿದ್ದವು. 2021ರ ನವೆಂಬರ್ ಕೊನೆಯಲ್ಲಿ, ಮೂರು ಕಾಯಿದೆ ವಾಪಸಾದ ಅದೇ ವಾರ, ಸತ್ತವರ ಕುಟುಂಬಕ್ಕೆ ಪರಿಹಾರ ಕೊಡ್ತೀರಾ ಅಂತ ಲೋಕಸಭೆಯಲ್ಲಿ ಪ್ರಶ್ನೆ ಬಂತು. ಕೃಷಿ ಮಂತ್ರಿ ನರೇಂದ್ರ ಸಿಂಗ್ ತೋಮರ್ ಅವರ ಬರಹದ ಉತ್ತರ ಏನು? ಈ ಬಗ್ಗೆ ಇಲಾಖೆಯಲ್ಲಿ ದಾಖಲೆ ಇಲ್ಲ, ಆದ್ದರಿಂದ ಪರಿಹಾರದ ಪ್ರಶ್ನೆ ಉದ್ಭವಿಸೋದಿಲ್ಲ ಅಂತ. ಸತ್ತವನನ್ನು ಬರೆದುಕೊಳ್ಳದೆ ಇದ್ದರೆ ಅವನು ಸತ್ತೇ ಇಲ್ಲ ಅನ್ನುವ ಲೆಕ್ಕ ಇದು. ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಒಂದು ವಾರದಲ್ಲೇ ರಾಹುಲ್ ಗಾಂಧಿ ಅದೇ ಸದನದಲ್ಲಿ, ಪಂಜಾಬ್ ಸರ್ಕಾರ ಸುಮಾರು 400 ಕುಟುಂಬಗಳಿಗೆ ತಲಾ ಐದು ಲಕ್ಷ ಪರಿಹಾರ ಕೊಟ್ಟಿದೆ ಅಂತ ಹೇಳಿ ಪಟ್ಟಿ ಇಟ್ಟರು. ಮಂತ್ರಿಯ ಕಾಗದಕ್ಕೆ ಎದುರಾಗಿ ಇನ್ನೊಂದು ಕಾಗದ. ರೈತರು ಹೆಸರು ಹೆಸರಾಗಿ ಲೆಕ್ಕ ಇಟ್ಟಿದ್ದಕ್ಕೇ ಮಂತ್ರಿಯ ಮಾತಿನ ಬಣ್ಣ ಬಯಲಾಗಿದ್ದು.

ಸಾಲದ ವಿಷಯದಲ್ಲಿ ಇದೇ ಆಟ ಇನ್ನೊಂದು ರೀತಿ. 2023ರ ಜುಲೈ ಬಜೆಟ್ಟಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಬಡ್ಡಿ ಇಲ್ಲದ ಬೆಳೆ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಮೂರು ಪರ್ಸೆಂಟಿನ ಸಾಲದ ಮಿತಿ 10ರಿಂದ 15 ಲಕ್ಷಕ್ಕೆ ಹೋಯಿತು. ಪೇಪರಿನಲ್ಲಿ ಓದಿ ನಮ್ಮ ಕಡೆಯ ಒಬ್ಬರು, ನಾಲ್ಕು ಎಕರೆ ತೆಂಗು ಅಡಿಕೆ ಇರೋರು, ಸಹಕಾರ ಸಂಘಕ್ಕೆ ಹೋದರು. ಕಾರ್ಯದರ್ಶಿ ನಕ್ಕು "ಬಜೆಟ್ ಬೆಂಗಳೂರಲ್ಲಿ ಓದಿದ್ದು ಗೌಡ್ರೆ, ನಮಗೆ ಮೇಲಿಂದ ದುಡ್ಡು ಬರಬೇಕಲ್ಲ, ಹಳೇದನ್ನ ತಿರುವಿ ಹಾಕಿಕೊಂಡು ಹೋಗಿ" ಅಂದರಂತೆ. ಕಾರ್ಯದರ್ಶಿಯ ಮಾತಿನಲ್ಲೂ ಸುಳ್ಳಿಲ್ಲ. 2024-25ಕ್ಕೆ ನಬಾರ್ಡ್ ಕರ್ನಾಟಕಕ್ಕೆ ಕೊಡುವ ಅಲ್ಪಾವಧಿ ಕೃಷಿ ಸಾಲದ ಮರುಹಣದ ಮಿತಿಯನ್ನು ಹಿಂದಿನ ವರ್ಷದ 5,600 ಕೋಟಿಯಿಂದ 2,340 ಕೋಟಿಗೆ ಇಳಿಸಿತು. ಅರ್ಧಕ್ಕಿಂತ ಹೆಚ್ಚು ಕಡಿತ. ಮುಖ್ಯಮಂತ್ರಿಗಳು 2024ರ ನವೆಂಬರಿನಲ್ಲಿ ದೆಹಲಿಗೆ ಹೋಗಿ ಹಣಕಾಸು ಮಂತ್ರಿಗಳನ್ನು ಕಂಡು ಬಂದರು.

ಇಲ್ಲಿ ನೋಡಿ ಚೆಂಡಾಟ. ಬೆಂಗಳೂರಿನಲ್ಲಿ ಕೇಳಿದರೆ "ಕೇಂದ್ರ ಕಡಿತ ಮಾಡಿದೆ". ದೆಹಲಿಯಲ್ಲಿ ಕೇಳಿದರೆ "ಸಹಕಾರ ಸಾಲ ರಾಜ್ಯದ ವಿಷಯ" ಅಂತ ಹೇಳೋದಕ್ಕೆ ಅವರಿಗೂ ಜಾಗ ಇದೆ. ರೈತ ನಡುವೆ ನಿಂತು ಕೈಸಾಲದವನ ಮನೆ ದಾರಿ ಹಿಡೀತಾನೆ, ನೂರಕ್ಕೆ ಮೂರು ರೂಪಾಯಿ ತಿಂಗಳ ಬಡ್ಡಿ. ಈ ಆಟ ನಿಲ್ಲಬೇಕಾದರೆ ಒಂದೇ ಪ್ರಶ್ನೆಯನ್ನು ಎರಡೂ ಮನೆಯಲ್ಲಿ ಒಂದೇ ಸಮಯಕ್ಕೆ ಹಾಕಿಸಬೇಕು. ವಿಧಾನಸಭೆಯಲ್ಲಿ ಸಹಕಾರ ಮಂತ್ರಿಗೆ, ಲೋಕಸಭೆಯಲ್ಲಿ ಹಣಕಾಸು ಮಂತ್ರಿಗೆ. ಎರಡು ಉತ್ತರ ಪಕ್ಕಪಕ್ಕ ಇಟ್ಟರೆ ಯಾರು ಕದ್ದರು, ಯಾರು ಮುಚ್ಚಿದರು ಗೊತ್ತಾಗ್ತದೆ.

ಒಂದು ತೊಡಕಿದೆ. ಮಂತ್ರಿ ಆದವರು ಸದನದಲ್ಲಿ ಪ್ರಶ್ನೆ ಕೇಳುವಂತಿಲ್ಲ, ಉತ್ತರ ಹೇಳುವ ಕಡೆ ಕೂರ್ತಾರೆ. 2024ರಲ್ಲಿ ತುಮಕೂರಿನಿಂದ ಗೆದ್ದ ವಿ. ಸೋಮಣ್ಣನವರು ಕೇಂದ್ರದಲ್ಲಿ ರಾಜ್ಯ ಮಂತ್ರಿಗಳಾದರು. ನಮ್ಮವರು ಮಂತ್ರಿ ಆದರು ಅಂತ ಪಟಾಕಿ ಹೊಡೆದದ್ದೂ ಆಯಿತು. ರೈಲು ಬರಬಹುದು, ಸಂತೋಷ. ಆದರೆ ನಮ್ಮ ಕ್ಷೇತ್ರದ ಪ್ರಶ್ನೆ ಕೇಳುವ ಬಾಯಿ ಅವತ್ತೇ ಕಟ್ಟಿತು ಅನ್ನೋದನ್ನ ಯಾರೂ ಹೇಳಲಿಲ್ಲ. ಹೀಗಿದ್ದಾಗ ಪಕ್ಕದ ಜಿಲ್ಲೆಯ ಸಂಸದರ ಹತ್ತಿರವೋ ರಾಜ್ಯಸಭೆಯವರ ಹತ್ತಿರವೋ ಹೋಗಬೇಕು. ಅವರು ಬೇರೆ ಪಕ್ಷವಾದರೆ ಇನ್ನೂ ಒಳ್ಳೇದು, ಉತ್ಸಾಹದಿಂದ ಕೇಳ್ತಾರೆ. ರಾಜ್ಯದಲ್ಲೂ ಅಷ್ಟೇ. ಆಡಳಿತ ಪಕ್ಷದ ಶಾಸಕ ಕೇಳೋದಿಲ್ಲ ಅಂತ ನಾವು ಸುಮ್ಮನೆ ಅಂದುಕೊಂಡಿದ್ದೀವಿ. ಅವರೂ ಕೇಳ್ತಾರೆ, ಪ್ರಶ್ನೋತ್ತರದ ಪಟ್ಟಿ ತೆಗೆದು ನೋಡಿ. ಬರಹದ ಪ್ರಶ್ನೆಯಲ್ಲಿ ಮಂತ್ರಿಯ ಮುಖ ನೋಡಿ ಜಗಳ ಆಡಬೇಕಾಗಿಲ್ಲವಲ್ಲ, ಅವರಿಗೂ ಸಂಕೋಚ ಇಲ್ಲ. ಕೆ.ಎಸ್. ಪುಟ್ಟಣ್ಣಯ್ಯನವರಂಥ ರೈತರ ಶಾಸಕರು ಸದನಕ್ಕೆ ಹೋಗಿದ್ದು ಎಷ್ಟು ಸಲ, ಎಷ್ಟು ಜನ? ಬೆರಳಲ್ಲಿ ಎಣಿಸಬಹುದು. ಅಂಥವರು ಗೆದ್ದು ಬರಲಿ ಅಂತ ಕಾಯುತ್ತಾ ಕೂತರೆ ಕೊಬ್ಬರಿ ಅಟ್ಟದಲ್ಲೇ ಕೌಟಾಗುತ್ತದೆ. ಇರುವವರ ಕೈಲೇ ಕೇಳಿಸಬೇಕು.

ಪ್ರಶ್ನೆಯಿಂದ ಮಂತ್ರಿ ಬೀಳ್ತಾನಾ ಅಂತ ಕೇಳುವವರಿಗೆ 1957ರ ಮುಂಧ್ರಾ ಹಗರಣ ನೆನಪಿಸಬೇಕು. ಜೀವ ವಿಮಾ ನಿಗಮದ ದುಡ್ಡು, ಅಂದರೆ ಜನರ ಕಂತಿನ ದುಡ್ಡು, ಸುಮಾರು ಒಂದೂಕಾಲು ಕೋಟಿ ರೂಪಾಯಿ, ಮುಂಧ್ರಾ ಎಂಬ ಒಬ್ಬ ವ್ಯಾಪಾರಿಯ ಕಂಪನಿಗಳ ಷೇರಿಗೆ ಹೋಗಿತ್ತು. ಲೋಕಸಭೆಯಲ್ಲಿ ಪ್ರಶ್ನೆ ಎದ್ದಿತು. ಸರ್ಕಾರದ ಉತ್ತರ ಸದಸ್ಯರಿಗೆ ಒಪ್ಪಿಗೆಯಾಗಲಿಲ್ಲ. ಡಿಸೆಂಬರಿನಲ್ಲಿ ಫಿರೋಜ್ ಗಾಂಧಿ, ಪ್ರಧಾನಿಯ ಅಳಿಯನೇ, ಆಡಳಿತ ಪಕ್ಷದ ಬೆಂಚಿನಿಂದಲೇ ಎದ್ದು ಒಂದೊಂದಾಗಿ ಬಿಡಿಸಿಟ್ಟರು. ನ್ಯಾಯಮೂರ್ತಿ ಛಾಗ್ಲಾ ಅವರ ವಿಚಾರಣೆ ಆಯಿತು. 1958ರ ಫೆಬ್ರವರಿಯಲ್ಲಿ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಅಷ್ಟು ಬೆಲೆ ಇರೋದಕ್ಕೇ ಪ್ರಶ್ನೆಗೆ ಲಂಚವೂ ನಡೆದಿದೆ. ದುಡ್ಡು ತಗೊಂಡು ಪ್ರಶ್ನೆ ಕೇಳಿದ್ದಕ್ಕೆ 2005ರ ಡಿಸೆಂಬರಿನಲ್ಲಿ ಹನ್ನೊಂದು ಜನ ಸಂಸದರನ್ನು ಹೊರಗೆ ಹಾಕಿದರು. ವ್ಯಾಪಾರಿಗಳು ದುಡ್ಡು ಕೊಟ್ಟು ಕೇಳಿಸುವ ಸರಕನ್ನು ನಮಗೆ ಬಿಟ್ಟಿ ಕೊಟ್ಟಿದ್ದಾರೆ, ನಾವು ಮುಟ್ಟೋದಿಲ್ಲ.

ಮಾಹಿತಿ ಹಕ್ಕು ಇದೆಯಲ್ಲ, ಹತ್ತು ರೂಪಾಯಿಗೆ ಸಿಗ್ತದಲ್ಲ ಅನ್ನಬಹುದು. ಸಿಗ್ತದೆ, ಹಾಕಿ. ಆದರೆ ಅಲ್ಲಿ ಉತ್ತರ ಕೊಡೋನು ಕಚೇರಿಯ ಮಾಹಿತಿ ಅಧಿಕಾರಿ. ಸದನದಲ್ಲಿ ಉತ್ತರ ಕೊಡೋನು ಮಂತ್ರಿ. ಬೇಕೆಂದೇ ಸುಳ್ಳು ಹೇಳಿದರೆ ಹಕ್ಕುಚ್ಯುತಿ ಆಗುವುದು ಅಲ್ಲಿ. ಎರಡನ್ನೂ ಜೋಡಿ ಎತ್ತಿನ ಹಾಗೆ ಹೂಡಬೇಕು: ಮೊದಲು ಮಾಹಿತಿ ಹಕ್ಕಿನಲ್ಲಿ ಕಾಗದ ತೆಗೆಸಿ, ಆಮೇಲೆ ಅದೇ ವಿಷಯ ಸದನದಲ್ಲಿ ಕೇಳಿಸಿ. ಎರಡರ ಅಂಕಿ ತಾಳೆ ಆಗದೆ ಇದ್ದರೆ ಅದೇ ಮುಂದಿನ ಪ್ರಶ್ನೆ.

ಸದನ ಸೇರುವ ದಿನಗಳೇ ಕಡಿಮೆ ಅನ್ನೋ ಮಾತು ಮಾತ್ರ ನಿಜ. ವರ್ಷಕ್ಕೆ 60 ದಿನ ಸೇರಬೇಕು ಅಂತ 2005ರಲ್ಲಿ ನಮ್ಮ ರಾಜ್ಯದವರೇ ಕಾನೂನು ಮಾಡಿಕೊಂಡರು. ಆ 60 ಮುಟ್ಟುವುದೇ ಅಪರೂಪ. ತಾವೇ ಮಾಡಿದ ಕಾನೂನನ್ನು ತಾವೇ ಮುರಿಯುವವರು, ಸಾಲದ ಕಂತು ಒಂದು ತಿಂಗಳು ತಡವಾದ ರೈತನಿಗೆ ನೋಟೀಸು ಕಳಿಸ್ತಾರೆ.

ಇನ್ನು ಹೇಮಾವತಿ. ಇದನ್ನು ಬರೆದರೆ ಈ ಪತ್ರಿಕೆಯ ಅರ್ಧ ಓದುಗರಿಗೆ ಸಿಟ್ಟು ಬರುತ್ತದೆ, ಇನ್ನರ್ಧಕ್ಕೆ ಸಂಶಯ. ಗುಬ್ಬಿ ತಾಲ್ಲೂಕಿನಿಂದ ಕುಣಿಗಲ್ ಕಡೆಗೆ ನೀರು ಒಯ್ಯುವ ಲಿಂಕ್ ಕಾಲುವೆ ಬೇಡ ಅಂತ 2025ರ ಮೇ ಕೊನೆಯಲ್ಲಿ ದೊಡ್ಡ ಪ್ರತಿಭಟನೆಯೇ ಆಯಿತು. ಕುಣಿಗಲ್ಲಿನವರು, ನಮ್ಮ ಪಾಲು ಇಷ್ಟು ವರ್ಷ ಕಾಲುವೆಯ ತುದಿಗೆ ಬಂದೇ ಇಲ್ಲ ಅಂತಾರೆ. ಹೆಬ್ಬೂರಿನವರು ತುಮಕೂರು ಕುಣಿಗಲ್ ದಾರಿಯ ಮಧ್ಯೆ ಕೂತಿದ್ದೀವಿ, ಎರಡೂ ಕಡೆ ನೆಂಟರು, ಎರಡೂ ಕಡೆ ಬೈಗುಳ. ಯಾರು ಸರಿ ಅಂತ ನಾನು ಇಲ್ಲಿ ತೀರ್ಪು ಕೊಡೋಲ್ಲ. ಆದರೆ ಎರಡೂ ಕಡೆಯ ಭಾಷಣ ಕೇಳಿದ್ದೀನಿ. ಎರಡರಲ್ಲೂ ಟಿ.ಎಂ.ಸಿ. ಲೆಕ್ಕ ಬಾಯಿಗೆ ಬಂದ ಹಾಗೆ. ಹಿಂದಿನ ಹತ್ತು ವರ್ಷ, ವರ್ಷವಾರು, ಗುಬ್ಬಿಯಲ್ಲಿ ಅಳೆದ ನೀರೆಷ್ಟು, ಕುಣಿಗಲ್ ಗಡಿಯಲ್ಲಿ ಅಳೆದ ನೀರೆಷ್ಟು, ನಡುವೆ ಹೋದದ್ದೆಷ್ಟು, ಯಾವ ಯಾವ ಕೆರೆ ಎಷ್ಟು ದಿನ ತುಂಬಿಸಿದಿರಿ ಅಂತ ಎರಡೂ ತಾಲ್ಲೂಕಿನ ಶಾಸಕರು ಒಂದೇ ಪ್ರಶ್ನೆಗೆ ಸಹಿ ಮಾಡಿ ಕೇಳಲಿ. ಜಲಸಂಪನ್ಮೂಲ ಮಂತ್ರಿ ಸಹಿ ಹಾಕಿ ಕೊಟ್ಟ ಅಂಕಿಯ ಮೇಲೆ ನಾವು ಅಣ್ಣ ತಮ್ಮಂದಿರು ಜಗಳ ಆಡೋಣ. ಅಳತೆಯೇ ಇಲ್ಲದ ನೀರಿಗೆ ತಲೆ ಒಡೆದುಕೊಳ್ಳೋದು ಯಾತಕ್ಕೆ?

ಕೆಲಸ ಹೀಗೆ. ಅಧಿವೇಶನ ಕರೆದ ಮೇಲೆ ಹೋದರೆ ತಡವಾಗುತ್ತದೆ, ಪ್ರಶ್ನೆಯ ನೋಟೀಸನ್ನು ಮೊದಲೇ ಕೊಡಬೇಕು. ಲೋಕಸಭೆಗಾದರೆ ಪೂರ್ತಿ ಹದಿನೈದು ದಿನ ಮುಂಚೆ. ಬೆಳಗಾವಿಯ ಚಳಿಗಾಲದ ಅಧಿವೇಶನ ಸಾಮಾನ್ಯವಾಗಿ ಡಿಸೆಂಬರಿನಲ್ಲಿ. ರಾಗಿ ಕೊಯ್ಲು ಶುರುವಾಗೋ ಮೊದಲೇ ನಾಲ್ಕು ಜನ ಕೂತು ಬರೆಯಿರಿ. ಒಂದು ಹಾಳೆ, ಒಂದು ವಿಷಯ, ನಾಲ್ಕು ಪ್ರಶ್ನೆ ಮೀರಬೇಡಿ. ಶಾಸಕರ ಕೈಗೇ ಕೊಡಿ, ಕೊಟ್ಟ ತಾರೀಖು ಬರೆದಿಡಿ, ಪ್ರಶ್ನೆ ಹಾಕಿದ್ದರೆ ಅದರ ಸಂಖ್ಯೆ ಕೇಳಿ. ಉತ್ತರ ಬಂದ ಮೇಲೆ ವಿಧಾನಸಭೆಯ ಜಾಲತಾಣದಲ್ಲೂ ಸಿಗುತ್ತದೆ, ಓದಿದ ಹುಡುಗರ ಕೈಲಿ ತೆಗೆಸಿ. ಸಾಲದ ಪ್ರಶ್ನೆಯನ್ನು ನಾನು ಬರೆದಿದ್ದೀನಿ, ತಾಲ್ಲೂಕಿನ ಹೆಸರು ಬದಲಾಯಿಸಿಕೊಂಡು ಯಾರು ಬೇಕಾದರೂ ಬಳಸಿಕೊಳ್ಳಬಹುದು:

ಅ) ತುಮಕೂರು ತಾಲ್ಲೂಕಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲಿ 2023-24ರಿಂದ ಈವರೆಗೆ ಶೂನ್ಯ ಬಡ್ಡಿಯಲ್ಲಿ 3 ಲಕ್ಷ ರೂಪಾಯಿ ಮೀರಿದ ಸಾಲ ಪಡೆದ ರೈತರೆಷ್ಟು? (ಸಂಘವಾರು, ವರ್ಷವಾರು)

ಆ) ಅದೇ ಅವಧಿಯಲ್ಲಿ ಹೊಸದಾಗಿ ಸಾಲಕ್ಕೆ ಅರ್ಜಿ ಹಾಕಿದವರೆಷ್ಟು, ಸಾಲ ಸಿಕ್ಕವರೆಷ್ಟು, ಸಿಗದವರಿಗೆ ಲಿಖಿತ ಕಾರಣ ಕೊಟ್ಟಿರುವುದು ಎಷ್ಟು ಪ್ರಕರಣಗಳಲ್ಲಿ?

ಇ) ಹಳೆಯ ಸಾಲವನ್ನು ಪುಸ್ತಕದಲ್ಲೇ ತಿರುವಿ ಹಾಕಿ ಹೊಸ ಸಾಲವೆಂದು ತೋರಿಸಿರುವ ಮೊತ್ತವೆಷ್ಟು, ರೈತರ ಕೈಗೆ ನಗದಾಗಿ ಸೇರಿದ ಮೊತ್ತವೆಷ್ಟು?